ಪ್ರೇಕ್ಷಕನ ನೆಲೆ: ಶ್ರೀರಂಗಪಟ್ಟಣದ ವರ್ತುಲಚಿತ್ರದಿಂದ ಹಂಪೆಯ ಡಿಜಿಟಲ್ ಮಂದಿರದವರೆಗೆ

೧೭೯೯ನೆಯ ಇಸವಿ ಮೇ ತಿಂಗಳ ೪ನೆಯ ತಾರೀಖು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ಕೈವಶವಾಯಿತು. ಅದಾಗಿ ಸುಮಾರು ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ಕೋಟೆ, ಅದೇ ಕಾವೇರಿಯ ದಡದಲ್ಲಿ, ಅದೇ ಹೊಗೆ ಧೂಳುಗಳ ನಡುವೆ, ಲಂಡನ್ ನಗರದ ಲೈಸಿಯಂ ಮಂದಿರದೊಳಗೆ ಮತ್ತೊಮ್ಮೆ ಬಿದ್ದಿತು. ಈ ಎರಡನೆಯ ಪತನಕ್ಕೆ ಕಾರಣನಾದವನು ರಾಬರ್ಟ್ ಕೆರ್ ಪೋರ್ಟರ್ ಎಂಬ, ಇಪ್ಪತ್ತೆರಡು ಇಪ್ಪತ್ತಮೂರರ ಹರೆಯದ ಚಿತ್ರಕಾರ. ಭಾರತವನ್ನು ಅದುವರೆಗೆ ಕಣ್ಣಿನಿಂದ ಕಂಡವನಲ್ಲದ ಈ ತರುಣನು, ಯುದ್ಧದಿಂದ ಬಂದ ವರದಿಗಳನ್ನೂ ಹಿಂದಿರುಗಿದವರ ಹೇಳಿಕೆಗಳನ್ನೂ ಆಧಾರವಾಗಿಟ್ಟುಕೊಂಡು, ಸುಮಾರು ೧೨೦ ಅಡಿ ಉದ್ದದ ಬಟ್ಟೆಯ ಮೇಲೆ ಕೋಟೆಯ ಬಿರುಕನ್ನೂ ಏರಿಬರುವ ಸಿಪಾಯಿಗಳನ್ನೂ ಮಧ್ಯದಲ್ಲಿ ಕತ್ತಿಯೆತ್ತಿದ ಸೇನಾನಿ ಡೇವಿಡ್ ಬೇರ್ಡನನ್ನೂ ಚಿತ್ರಿಸಿ, ಆ ಬಟ್ಟೆಯನ್ನು ಅರ್ಧವೃತ್ತಾಕಾರವಾಗಿ ಬಾಗಿಸಿ ನಿಲ್ಲಿಸಿದನು. ಕೆಲಸ ಆರು ವಾರಗಳಲ್ಲಿ ಮುಗಿಯಿತೆಂದು ಕಾದಂಬರಿಕಾರ್ತಿಯಾಗಿದ್ದ ಅವನ ಸೋದರಿ ಜೇನ್ ಪೋರ್ಟರ್ ಹೇಳಿಕೊಂಡಿದ್ದಾಳೆ. ಹಣ ತೆತ್ತು ಒಳಹೊಕ್ಕ ಲಂಡನ್ನಿನ ನಾಗರಿಕನಿಗೆ ಎಡಕ್ಕೆ ತಿರುಗಿದರೂ ಯುದ್ಧ, ಬಲಕ್ಕೆ ತಿರುಗಿದರೂ ಯುದ್ಧ. ಚಿತ್ರದ ಚೌಕಟ್ಟು ಎಲ್ಲಿಯೂ ಕಣ್ಣಿಗೆ ತಗಲದುದರಿಂದ ತಾನು ನಿಂತಿರುವುದು ಸ್ಟ್ರ್ಯಾಂಡ್ ಬೀದಿಯ ಕಟ್ಟಡವೊಂದರಲ್ಲಿ ಎಂಬುದನ್ನು ಅವನು ಕೆಲವು ನಿಮಿಷಗಳ ಮಟ್ಟಿಗಾದರೂ ಮರೆಯಬಹುದಾಗಿದ್ದಿತು.

ಇಂದು ವಸ್ತುಸಂಗ್ರಹಾಲಯಗಳಲ್ಲಿಯೂ ಪುರಾತನ ಸ್ಮಾರಕಗಳ ಬಳಿಯಲ್ಲಿಯೂ ಗೋಡೆಗಳನ್ನೆಲ್ಲ ಬೆಳಕಿನ ಚಿತ್ರಗಳಿಂದ ತುಂಬಿ, ನೋಡಲು ಬಂದವರ ಕಣ್ಣಿಗೆ ಕನ್ನಡಕವನ್ನು ತೊಡಿಸಿ, ಕೆಲವೆಡೆ ಅವರ ಕೈಗೊಂದು ವಸ್ತುವನ್ನೂ ಕೊಟ್ಟು, ಗತಕಾಲವನ್ನು ದೇಹದ ಅನುಭವಕ್ಕೆ ತರಲೆಳಸುವ ಡಿಜಿಟಲ್ ಕಲೆಯೊಂದು ಬೆಳೆಯುತ್ತಿದೆಯಷ್ಟೆ. ಅದು ಕಂಪ್ಯೂಟರಿನ ಜೊತೆಯಲ್ಲೇ ಹುಟ್ಟಿತೆಂದು ಭಾವಿಸುವುದು ವಾಡಿಕೆ. ಆದರೆ ಅದರ ವಂಶಾವಳಿಯನ್ನು ಹುಡುಕುತ್ತ ಹಿಂದೆ ಹಿಂದೆ ಹೋದವರಿಗೆ ದಾರಿಯಲ್ಲಿ ಶ್ರೀರಂಗಪಟ್ಟಣ ಒಮ್ಮೆಯಲ್ಲ, ಎರಡು ಮೂರು ಬಾರಿ ಎದುರಾಗುತ್ತದೆ. ಮುಂದೆ ಬಂದಂತೆ ಹಂಪೆ ಎದುರಾಗುತ್ತದೆ. ಕನ್ನಡನಾಡಿನ ಎರಡು ಪಾಳುರಾಜಧಾನಿಗಳು ಈ ಕಲೆಯ ಚರಿತ್ರೆಯಲ್ಲಿ ಹೀಗೆ ಮುಖ್ಯಸ್ಥಾನವನ್ನು ಪಡೆದಿರುವುದು ನಮ್ಮವರ ಗಮನಕ್ಕೆ ಅಷ್ಟಾಗಿ ಬಂದಿಲ್ಲವಾದುದರಿಂದ ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದು ನನ್ನ ಅಪೇಕ್ಷೆ. ಯಂತ್ರಗಳು ಒಂದರ ಹಿಂದೊಂದು ಬಂದು ಹೋಗುತ್ತವೆ. ಪ್ರೇಕ್ಷಕನನ್ನು ಎಲ್ಲಿ ನಿಲ್ಲಿಸಬೇಕು, ಯಾರ ಕಣ್ಣಿನಿಂದ ನೋಡುವಂತೆ ಮಾಡಬೇಕು, ಅವನ ಕೈಗೆ ಏನನ್ನು ಕೊಡಬೇಕು ಎಂಬ ಪ್ರಶ್ನೆಗಳು ಮಾತ್ರ ಎರಡು ಶತಮಾನಗಳಿಂದ ಬದಲಾಗದೆ ಉಳಿದಿವೆ. ಈ ಬರಹ ಅವುಗಳನ್ನು ಹಿಡಿದು ನಡೆಯುತ್ತದೆ.

ಪನೋರಮ ಎಂಬ ವರ್ತುಲಚಿತ್ರದ ಉಪಾಯವನ್ನು ಕಂಡುಹಿಡಿದವನು ಕೆರ್ ಪೋರ್ಟರನಲ್ಲ. ಎಡಿನ್‌ಬರೋ ನಗರದಲ್ಲಿ ನೆಲಸಿದ್ದ ರಾಬರ್ಟ್ ಬಾರ್ಕರ್. ಅವನು ೧೭೮೭ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದು, ೧೭೯೩ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದ ಬಳಿ ಇದಕ್ಕೆಂದೇ ದುಂಡನೆಯ ಮಂದಿರವೊಂದನ್ನು ಕಟ್ಟಿಸಿದನು. ಅದರ ರಚನೆಯಲ್ಲಿದ್ದ ಜಾಣ್ಮೆಯನ್ನು ಗಮನಿಸಬೇಕು. ಬೀದಿಯಿಂದ ಬಂದವನು ಮೊದಲು ಕತ್ತಲಾದ ಓಣಿಯೊಂದನ್ನು ಹಾದು ಹೋಗಬೇಕು. ಅಷ್ಟರಲ್ಲಿ ಹೊರಗಿನ ಬೆಳಕಿನ ನೆನಪು ಅವನ ಕಣ್ಣಿನಿಂದ ಅಳಿಸಿಹೋಗುತ್ತದೆ. ಅನಂತರ ಮೆಟ್ಟಿಲೇರಿ ನಡುವಣ ಜಗಲಿಗೆ ಬಂದಾಗ ಸುತ್ತಲೂ ಚಿತ್ರ. ಮೇಲಣ ಚಪ್ಪರವು ಬಟ್ಟೆಯ ಮೇಲಂಚನ್ನು ಮರೆಮಾಡುತ್ತದೆ, ಜಗಲಿಯ ಕಟಕಟೆಯು ಕೆಳಅಂಚಿನ ಹತ್ತಿರಕ್ಕೆ ಹೋಗದಂತೆ ತಡೆಯುತ್ತದೆ, ಬೆಳಕು ಎಲ್ಲಿಂದ ಬರುತ್ತಿದೆಯೆಂಬುದು ಕಾಣದ ಹಾಗೆ ಛಾವಣಿಯ ಗವಾಕ್ಷಿಯಿಂದ ಇಳಿದು ಚಿತ್ರದ ಮೇಲೆ ಮಾತ್ರ ಬೀಳುತ್ತದೆ. ಹೋಲಿಸಿ ನೋಡಲು ಚಿತ್ರದ ಹೊರಗಿನ ವಸ್ತು ಒಂದೂ ಇಲ್ಲವಾದುದರಿಂದ ಚಿತ್ರವೇ ಪ್ರಪಂಚವಾಗುತ್ತದೆ. ಮುಂದೆ ಇದಕ್ಕೆ ಇನ್ನೊಂದು ಉಪಾಯವೂ ಸೇರಿಕೊಂಡಿತು: ಜಗಲಿಗೂ ಚಿತ್ರಕ್ಕೂ ನಡುವೆ ನಿಜವಾದ ಮಣ್ಣು, ಕಲ್ಲು, ಮುರಿದ ಬಂಡಿ ಮೊದಲಾದುವನ್ನು ಹರಡಿ, ವಸ್ತು ಎಲ್ಲಿಗೆ ಮುಗಿಯಿತು ಚಿತ್ರ ಎಲ್ಲಿಂದ ಹೊರಟಿತು ಎಂಬುದೇ ತಿಳಿಯದಂತೆ ಮಾಡುವುದು. ಹಾಲೆಂಡಿನ ಹೇಗ್ ನಗರದಲ್ಲಿ ೧೮೮೧ರಲ್ಲಿ ಹೆಂಡ್ರಿಕ್ ವಿಲೆಮ್ ಮೆಸ್ಡಾಖ್ ಬರೆದ, ಸುಮಾರು ೧೪ ಮೀಟರ್ ಎತ್ತರದ ಕಡಲತೀರದ ವರ್ತುಲಚಿತ್ರ ಈಗಲೂ ಸುರಕ್ಷಿತವಾಗಿದ್ದು, ಅದರ ಬುಡದಲ್ಲಿ ಮರಳನ್ನೇ ಹರಡಿರುವುದನ್ನು ಕಾಣಬಹುದು. ಇಂದಿನ ಡಿಜಿಟಲ್ ಮಂದಿರಗಳಲ್ಲಿಯೂ ಪ್ರವೇಶಕ್ಕೆ ಮುಂಚೆ ಕತ್ತಲ ಓಣಿಯಿರುತ್ತದೆ, ಪರದೆಯ ಅಂಚು ಮರೆಯಾಗಿರುತ್ತದೆ, ಬೆಳಕಿನ ಮೂಲ ಗುಪ್ತವಾಗಿರುತ್ತದೆ. ಬಾರ್ಕರನ ನಿಯಮಗಳಲ್ಲಿ ಒಂದನ್ನೂ ಕಂಪ್ಯೂಟರು ಬದಲಾಯಿಸಿಲ್ಲ.

ಈಗ ಕೆರ್ ಪೋರ್ಟರನ ಚಿತ್ರಕ್ಕೆ ಹಿಂದಿರುಗೋಣ. ಅಲ್ಲಿ ಪ್ರೇಕ್ಷಕನು ನಿಂತಿದ್ದುದು ಕೋಟೆಯ ಹೊರಗೆ, ಏರಿ ಹೋಗುವವರ ಬೆನ್ನ ಹಿಂದೆ, ಗೆಲ್ಲುವವರ ಪಕ್ಷದಲ್ಲಿ. ಕೋಟೆಯ ಒಳಗಿನಿಂದ ಆ ಮಧ್ಯಾಹ್ನ ಹೇಗೆ ಕಂಡಿತೆಂಬುದನ್ನು ತೋರಿಸುವ ನೆಲೆ ಆ ಮಂದಿರದಲ್ಲಿ ಎಲ್ಲಿಯೂ ಇರಲಿಲ್ಲ. ಮೂಲಚಿತ್ರ ಇಂದು ಉಳಿದಿಲ್ಲ. ಜೊವಾನ್ನಿ ವೆಂಡ್ರಾಮಿನಿ ಎಂಬವನು ಅದನ್ನು ನೋಡಿ ಕೊರೆದ ಮುದ್ರಣಫಲಕಗಳಿಂದ ಮಾತ್ರ ಅದರ ಸ್ವರೂಪ ನಮಗೆ ತಿಳಿಯುತ್ತದೆ. ಆ ಫಲಕಗಳನ್ನು ನೋಡಿದ ಕಣ್ಣಿನಿಂದಲೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿಗೆ ಹೋಗಿ ಪಶ್ಚಿಮದ ಗೋಡೆಯ ಮುಂದೆ ನಿಂತರೆ ಒಂದು ಅಪೂರ್ವವಾದ ಪ್ರತಿವಾದ ಕಾಣಸಿಗುತ್ತದೆ. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಆ ಬೇಸಗೆಯ ಅರಮನೆಯ ಪಡಸಾಲೆಯ ಗೋಡೆಯ ತುಂಬ ೧೭೮೦ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಚೌಕಾಕಾರವಾಗಿ ಕಟ್ಟಿನಿಂತ ಇಂಗ್ಲಿಷ್ ದಳ, ಅದರ ಮಧ್ಯೆ ಪಲ್ಲಕ್ಕಿಯಲ್ಲಿ ಕುಳಿತು ಬಾಯಿಗೆ ಬೆರಳಿಟ್ಟ ಕರ್ನಲ್ ಬೆಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ನಾಲ್ಕು ಕಡೆಯಿಂದಲೂ ನುಗ್ಗುವ ಮೈಸೂರಿನ ಕುದುರೆಗಳು. ಗೋಡೆ ಚಪ್ಪಟೆಯಾದದ್ದೆ ಹೊರತು ಬಾಗಿದ್ದಲ್ಲ. ಆದರೂ ಚಿತ್ರಕ್ಕೆ ಒಂದೇ ಒಂದು ನೋಟದ ಬಿಂದುವಿಲ್ಲದಿರುವುದರಿಂದ ನೋಡುವವನು ಅದರ ಉದ್ದಕ್ಕೂ ನಡೆಯಬೇಕಾಗುತ್ತದೆ, ನಡೆದಂತೆಲ್ಲ ಯುದ್ಧವೂ ಮುಂದುವರಿಯುತ್ತದೆ. ಲಂಡನ್ನಿನ ಚಿತ್ರದಲ್ಲಿ ಕತ್ತಿಯೆತ್ತಿ ನಿಂತ ಡೇವಿಡ್ ಬೇರ್ಡನು ಈ ಪೊಳ್ಳಿಲೂರಿನಲ್ಲಿಯೇ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಬಂದಿಯಾಗಿದ್ದವನೆಂಬುದನ್ನು ನೆನೆದರೆ ಎರಡು ಚಿತ್ರಗಳೂ ಒಂದಕ್ಕೊಂದು ಉತ್ತರ ಹೇಳುವಂತೆ ತೋರುತ್ತವೆ. ಪ್ರೇಕ್ಷಕನನ್ನು ಚಿತ್ರದೊಳಕ್ಕೆ ಸೇರಿಸಿಕೊಳ್ಳುವ ಕಲೆ ಯಾರಿಗೆ ಅಧೀನವಾಗಿರುತ್ತದೆಯೋ ಅವರ ವಿಜಯವೇ ಪ್ರೇಕ್ಷಕನ ವಿಜಯವೂ ಆಗುತ್ತದೆಂಬುದಕ್ಕೆ ಈ ಜೋಡಿಗಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಕಣ್ಣಿನ ಮಾತು ಇಷ್ಟಾಯಿತು. ಕೈಯ ಮಾತೂ ಅದೇ ಊರಿನಿಂದಲೇ ಹೊರಡುತ್ತದೆ. ಕೋಟೆ ಬಿದ್ದ ಮೇಲೆ ಟಿಪ್ಪುವಿನ ಅರಮನೆಯ ಸಂಗೀತಶಾಲೆಯಲ್ಲಿ ಇಂಗ್ಲಿಷರಿಗೆ ಸಿಕ್ಕಿದ ಯಂತ್ರದ ಹುಲಿಯ ವಿಷಯವನ್ನು ಕೇಳದವರು ವಿರಳ. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ, ೧೭೨ ಸೆಂಟಿಮೀಟರ್ ಉದ್ದದ ಹುಲಿಯೊಂದು, ಕೆಂಪು ಅಂಗಿ ತೊಟ್ಟು ಅಂಗಾತ ಬಿದ್ದಿರುವ ಐರೋಪ್ಯನೊಬ್ಬನ ಮೇಲೆರಗಿ ಅವನ ಕೊರಳಿಗೆ ಬಾಯಿ ಹಾಕಿದೆ. ಹುಲಿಯ ಭುಜದ ಬಳಿಯಿರುವ ಹಿಡಿಯನ್ನು ಹಿಡಿದು ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡಿ, ಬಿದ್ದವನ ಎಡಗೈ ಮೇಲೇಳುತ್ತ ಇಳಿಯುತ್ತ, ಅವನ ಗಂಟಲಿನ ಕೊಳವೆಯಿಂದ ನರಳಾಟವೂ ಹುಲಿಯ ತಲೆಯೊಳಗಿನ ಕೊಳವೆಯಿಂದ ಗುರುಗುಟ್ಟುವಿಕೆಯೂ ಹೊರಡುತ್ತವೆ. ಪಕ್ಕೆಯಲ್ಲಿ ಮುಚ್ಚಳವೊಂದಿದ್ದು ಅದನ್ನು ತೆರೆದರೆ ದಂತದ ೧೮ ಗುಂಡಿಗಳಿರುವ ಆರ್ಗನ್ ವಾದ್ಯ. ಒಂದೇ ವಸ್ತುವಿನಲ್ಲಿ ಶಿಲ್ಪ, ಚಲನೆ, ಧ್ವನಿ, ಸಂಗೀತ, ನೋಡುವವನ ಕೈಚಳಕ ಎಲ್ಲವೂ ಕೂಡಿರುವ ಇದನ್ನು, ಮುಟ್ಟಿ ಅನುಭವಿಸುವ ಪ್ರದರ್ಶನವಸ್ತುಗಳೆಂದು ಇಂದು ಕರೆಯಲಾಗುವ ಎಲ್ಲವಕ್ಕೂ ಪಿತಾಮಹನೆಂದು ಎಣಿಸಿದರೆ ತಪ್ಪಾಗಲಾರದು.

ಆ ಹುಲಿಯನ್ನು ೧೮೦೮ರಿಂದ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಸಾರ್ವಜನಿಕರ ನೋಟಕ್ಕೆ ಇರಿಸಿದರು. ಬಂದವರೆಲ್ಲ ಹಿಡಿಯನ್ನು ತಿರುಗಿಸಬಹುದಾಗಿದ್ದಿತು, ತಿರುಗಿಸಿದರು ಕೂಡ. ಕವಿ ಕೀಟ್ಸ್ ತನ್ನದೊಂದು ವಿನೋದಕಾವ್ಯದಲ್ಲಿ ಇದನ್ನು ನೆನೆದಿದ್ದಾನೆಂದರೆ ಅದರ ಪ್ರಸಿದ್ಧಿ ಎಷ್ಟಿದ್ದೀತೆಂಬುದನ್ನು ಊಹಿಸಬಹುದು. ಆದರೆ ಅದೇ ಭವನದ ಗ್ರಂಥಾಲಯದಲ್ಲಿ ಕುಳಿತು ಓದುವವರಿಗೆ ಈ ಗರ್ಜನೆ ಆಕ್ರಂದನಗಳು ತಲೆನೋವಾದುವು. ಹೇಗೋ ಆ ಹಿಡಿ ಕೆಲವು ದಶಕಗಳಲ್ಲಿ ಕಾಣೆಯಾಯಿತು; ದೈವವೇ ಕೃಪೆಮಾಡಿ ಹಿಡಿಯನ್ನು ಕಿತ್ತುಕೊಂಡಿತೆಂಬ ಧಾಟಿಯಲ್ಲಿ ಅಥೀನಿಯಮ್ ಪತ್ರಿಕೆ ೧೮೬೯ರಲ್ಲಿ ಸಮಾಧಾನ ಪಟ್ಟುಕೊಂಡಿತು. ೧೮೮೦ರಲ್ಲಿ ಹುಲಿ ಇಂದಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ವಶಕ್ಕೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಪೆಟ್ಟಿಗೆ ಛಾವಣಿ ಕುಸಿದು ಮರದ ಮೈ ನೂರಾರು ಚೂರುಗಳಾಯಿತು. ೧೯೪೭ರ ವೇಳೆಗೆ ಅದನ್ನು ಮತ್ತೆ ಕೂಡಿಸಿ ನಿಲ್ಲಿಸಿದರು. ಈಗ ಅದು ಗಾಜಿನ ಮನೆಯಲ್ಲಿದೆ.

ಈ ಪ್ರಸಂಗದಲ್ಲಿ ಎರಡು ಸಂಗತಿಗಳು ಮನಸ್ಸಿನಲ್ಲಿ ನಿಲ್ಲುತ್ತವೆ. ಸುಲ್ತಾನನು ತನ್ನ ಶತ್ರುವಿನ ನರಳಾಟವನ್ನು ಕೇಳಿ ಹರ್ಷಿಸಲೆಂದು ಮಾಡಿಸಿದ ಯಂತ್ರ, ಅದೇ ಶತ್ರುವಿನ ರಾಜಧಾನಿಯಲ್ಲಿ ಸುಲ್ತಾನನ ಕ್ರೌರ್ಯಕ್ಕೆ ಸಾಕ್ಷಿಯಾಗಿ ನಿಂತಿತು. ಹಿಡಿ ಒಂದೇ, ತಿರುಗಿಸುವ ಕೈ ಬೇರೆಯಾದ ಕೂಡಲೇ ಅರ್ಥ ತಲೆಕೆಳಗಾಯಿತು. ಎರಡನೆಯದಾಗಿ, ಮುಟ್ಟಬಿಟ್ಟರೆ ವಸ್ತು ಸವೆಯುತ್ತದೆ, ಬಿಡದಿದ್ದರೆ ಅದು ಮೂಕವಾಗುತ್ತದೆ. ವಸ್ತುಸಂಗ್ರಹಾಲಯಗಳ ಅಧಿಕಾರಿಗಳು ಸುಮಾರು ನೂರೈವತ್ತು ವರ್ಷಗಳ ಕಾಲ ಗಾಜಿನ ಪೆಟ್ಟಿಗೆಯ ಪಕ್ಷವನ್ನು ವಹಿಸಿದ್ದು ಅಕಾರಣವಾಗಿಯಲ್ಲ. ಆದರೂ ಆ ಪೆಟ್ಟಿಗೆಯೊಳಗಿರುವ ಹುಲಿಯನ್ನು ಹುಲಿಯೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ, ಏಕೆಂದರೆ ಅದನ್ನು ಮಾಡಿದವರು ಅದನ್ನು ನೋಡುವುದಕ್ಕಾಗಿ ಮಾಡಲಿಲ್ಲ.

ಇನ್ನು ನಡುವಣ ಕಾಲವನ್ನು ಬೇಗ ದಾಟಬಹುದು. ಎರಡು ಕಣ್ಣುಗಳಿಗೆ ಎರಡು ಬೇರೆ ಚಿತ್ರಗಳನ್ನು ತೋರಿಸಿದರೆ ಮಿದುಳು ಅವನ್ನು ಕೂಡಿಸಿ ಆಳವನ್ನು ಕಲ್ಪಿಸಿಕೊಳ್ಳುತ್ತದೆಂಬುದನ್ನು ಚಾರ್ಲ್ಸ್ ವೀಟ್‌ಸ್ಟನ್ ೧೮೩೮ರಲ್ಲಿ ಪ್ರಕಟಪಡಿಸಿದನು; ೧೮೫೧ರ ಲಂಡನ್ ಮಹಾಪ್ರದರ್ಶನದ ತರುವಾಯ ಸ್ಟೀರಿಯೊಸ್ಕೋಪು ಮನೆಮನೆಯ ಆಟಿಕೆಯಾಯಿತು. ಚಲನಚಿತ್ರ ಬಂದ ಮೇಲೆ ವರ್ತುಲಚಿತ್ರದ ಮಂದಿರಗಳು ಒಂದೊಂದಾಗಿ ಮುಚ್ಚಿದುವು. ಕಂಪ್ಯೂಟರಿನ ಯುಗದಲ್ಲಿ ಆಸ್ಟ್ರೇಲಿಯದ ಕಲಾವಿದ ಜೆಫ್ರಿ ಷಾ, ನಿಂತಲ್ಲೇ ನಿಂತ ಸೈಕಲ್ಲನ್ನು ತುಳಿದರೆ ಅಕ್ಷರಗಳಿಂದ ಕಟ್ಟಿದ ನಗರವೊಂದು ಪರದೆಯ ಮೇಲೆ ಹಾದುಹೋಗುವ ಕೃತಿಯನ್ನು ೧೯೮೯ರಲ್ಲಿ ಪೂರೈಸಿದನು. ೧೯೯೫ರಲ್ಲಿ ಅವನು ಬಾರ್ಕರನ ದುಂಡುಮಂದಿರವನ್ನೇ ಮತ್ತೆ ಎತ್ತಿಕೊಂಡು, ನಡುವಣ ಜಗಲಿಯನ್ನು ಮೋಟಾರಿನಿಂದ ತಿರುಗುವಂತೆ ಮಾಡಿ, ಅದರ ಹತೋಟಿಯನ್ನು ಪ್ರೇಕ್ಷಕನ ಕೈಗೇ ಕೊಟ್ಟನು. ನಮ್ಮ ಕಥೆಗೆ ಬೇಕಾದುದು ಇದು.

ಹಂಪೆಯ ಕಡೆಗೆ ತಿರುಗುವ ಮುನ್ನ, ಹಂಪೆಯನ್ನು ಕಟ್ಟಿದವರಿಗೆ ಈ ಕಲೆ ಅಪರಿಚಿತವಾಗಿತ್ತೆಂದು ತಿಳಿಯಬಾರದೆಂದು ಹೇಳಬೇಕು. ಹಜಾರರಾಮ ದೇವಾಲಯವನ್ನು ನೋಡಿ. ಪ್ರಾಕಾರದ ಹೊರಮೈಯಲ್ಲಿ ಕೆಳಗಿನಿಂದ ಮೇಲಕ್ಕೆ ಆನೆಗಳ ಸಾಲು, ಕುದುರೆಗಳ ಸಾಲು, ಯೋಧರ ಸಾಲು, ನರ್ತಕಿಯರ ಸಾಲು, ಅದರ ಮೇಲೆ ಕೃಷ್ಣಲೀಲೆಯ ದೃಶ್ಯಗಳು. ಗೋಡೆಯ ಪಕ್ಕದಲ್ಲಿ ನಡೆದವನು ತಾನೂ ಮೆರವಣಿಗೆಯೊಳಗೆ ಒಬ್ಬನಾಗುತ್ತಾನೆ. ಒಳಗೆ ಗುಡಿಯ ಗೋಡೆಯ ಮೇಲೆ ರಾಮಾಯಣದ ಕಥೆ ಮೂರು ಪಟ್ಟಿಗಳಲ್ಲಿದೆ. ಕೆಳಪಟ್ಟಿಯಿಂದ ಹಿಡಿದು ಪ್ರದಕ್ಷಿಣೆಗೊಂದು ಪಟ್ಟಿಯಂತೆ ಮೂರು ಸುತ್ತು ಬಂದವನಿಗೆ ಮಾತ್ರ ಕಥೆ ಕ್ರಮವಾಗಿ ದಕ್ಕುತ್ತದೆ. ಒಂದೆಡೆ ನಿಂತವನಿಗೆ ತುಂಡು ದೃಶ್ಯಗಳು. ಭಕ್ತಿಯಿಂದ ಸುತ್ತಿ ಬಂದವನಿಗೆ ಪೂರ್ತಿ ಕಾವ್ಯ. ಪ್ರೇಕ್ಷಕನ ದೇಹವನ್ನು ಕಥನದ ಸಾಧನವನ್ನಾಗಿ ಮಾಡಿಕೊಂಡ ಈ ಯೋಜನೆ ಹದಿನೈದನೆಯ ಶತಮಾನದ ಆದಿಭಾಗದ್ದು. ಹಾಗೆಯೇ ವಿರೂಪಾಕ್ಷನ ಗುಡಿಯ ಹಿಂಭಾಗದ ಕತ್ತಲೆ ಕೋಣೆಗೆ ಹೋದರೆ, ಗೋಡೆಯಲ್ಲಿನ ಚಿಕ್ಕ ಕಿಂಡಿಯ ಮೂಲಕ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಒಂಬತ್ತು ನೆಲೆಗಳ ಹೆಬ್ಬಾಗಿಲ ಗೋಪುರವನ್ನು ತಲೆಕೆಳಗಾಗಿ ಮೂಡಿಸಿರುವುದು ಕಾಣುತ್ತದೆ. ಮಕ್ಕಳು ಕೈಚಾಚಿ ಗೋಪುರದ ಶಿಖರವನ್ನು ಮುಟ್ಟಲು ಹೋಗುತ್ತಾರೆ. ಮುಟ್ಟಿದರೆ ಗೋಪುರ ಅವರ ಅಂಗೈ ಮೇಲೆ ಬರುತ್ತದೆ. ಇದನ್ನು ಉದ್ದೇಶಪೂರ್ವಕವಾಗಿ ರಚಿಸಿದರೋ ಆಕಸ್ಮಿಕವಾಗಿ ಒದಗಿತೋ ಎಂಬ ಚರ್ಚೆ ಇಲ್ಲಿ ಅನಾವಶ್ಯಕ. ಮಸೂರವಿಲ್ಲದೆ, ವಿದ್ಯುತ್ತಿಲ್ಲದೆ, ಸೂರ್ಯನಿರುವವರೆಗೆ ನಡೆಯುವ ಪ್ರದರ್ಶನವೊಂದು ಅಲ್ಲಿದೆ.

ಈ ಹಂಪೆಯನ್ನು ಮೊದಲು ಕ್ಯಾಮೆರಾದಿಂದ ವಿಸ್ತಾರವಾಗಿ ಹಿಡಿದವನು ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ೧೮೫೬ರಲ್ಲಿ ಅವನು ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಮೂಡಿಸಿದ ಚಿತ್ರಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಅಜ್ಞಾತವಾಗಿದ್ದು, ಅನಂತರ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದುವು. ಅವುಗಳಲ್ಲೊಂದರಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥವಿದೆ. ಆ ರಥದ ಮೇಲೆ ಈಗ ಇಲ್ಲದ ಇಟ್ಟಿಗೆ ಗಾರೆಯ ಶಿಖರವೊಂದು ಇದೆ. ಇಂದು ನೋಟಿನ ಮೇಲೂ ಪ್ರವಾಸಿಗಳ ಚಿತ್ರಗಳಲ್ಲಿಯೂ ಕಾಣುವ ಬೋಳುತಲೆಯ ರಥವನ್ನೇ ಪೂರ್ಣರೂಪವೆಂದು ತಿಳಿದವರಿಗೆ ಆ ಒಂದು ಛಾಯಾಚಿತ್ರ ಮೌನವಾಗಿಯೇ ಬುದ್ಧಿ ಹೇಳುತ್ತದೆ. ೧೯೮೩ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ತನ್ನ ಕ್ಯಾಮೆರಾವನ್ನು ನಿಲ್ಲಿಸಿದ್ದ ಅದೇ ಸ್ಥಳಗಳನ್ನು ಹುಡುಕಿ ಹುಡುಕಿ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದನು. ಆಗ ವಿದ್ವಾಂಸರಾದ ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಸ್ ಅವಶೇಷಗಳ ನಡುವೆ ಬಿಡಾರ ಹೂಡಿ ಒಂದೊಂದು ಕಟ್ಟಡವನ್ನೂ ಅಳೆದು ದಾಖಲೆ ಮಾಡುತ್ತಿದ್ದರು. ಪುರಾತತ್ತ್ವ ಇಲಾಖೆಗಳ ಉತ್ಖನನವೂ ನಡೆಯುತ್ತಿದ್ದಿತು. ಮುಂದೆ ಬಂದ ಡಿಜಿಟಲ್ ಕೃತಿಗಳು ಯಾವ ನೆಲದ ಮೇಲೆ ನಿಂತುವೆಂಬುದನ್ನು ತಿಳಿಯಬೇಕಾದರೆ ಈ ಸಹನೆಯ ದಶಕಗಳನ್ನು ಮರೆಯಕೂಡದು.

ಈ ಎಳೆಗಳೆಲ್ಲ ಸೇರಿದ್ದು ೨೦೦೬ರಲ್ಲಿ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಷಾ ಇವರು ಗೋಲಿಂಗ್ಸ್ ತೆಗೆದ ಸ್ಟೀರಿಯೊ ವರ್ತುಲಚಿತ್ರಗಳನ್ನು ಆಧರಿಸಿ ರಚಿಸಿದ ‘ಪ್ಲೇಸ್-ಹಂಪಿ’ ಎಂಬ ಕೃತಿ ಆ ವರ್ಷ ಫ್ರಾನ್ಸಿನ ಲೀಲ್ ನಗರದ ಒಪೆರಾ ಭವನದಲ್ಲಿ ಮೊದಲು ಪ್ರದರ್ಶಿತವಾಯಿತು. ಮುಂದೆ ಬರ್ಲಿನ್, ಮೆಲ್ಬರ್ನ್ ಮೊದಲಾದ ಕಡೆಗಳಿಗೂ ಹೋಯಿತು. ಸುಮಾರು ೯ ಮೀಟರ್ ವ್ಯಾಸದ ದುಂಡನೆಯ ಪರದೆ. ಮಧ್ಯೆ ತಿರುಗುವ ಜಗಲಿ. ಅದರ ಮೇಲೆ ಪ್ರೊಜೆಕ್ಟರುಗಳ ಜೊತೆಯಲ್ಲಿ ಪ್ರೇಕ್ಷಕರು ನಿಲ್ಲುತ್ತಾರೆ. ಅವರಲ್ಲೊಬ್ಬನ ಕೈಯಲ್ಲಿ ಹತೋಟಿ. ಅವನು ಎಡಕ್ಕೆ ತಿರುಗಿಸಿದರೆ ಜಗಲಿಯೂ ಬೆಳಕೂ ಎಡಕ್ಕೆ ತಿರುಗುತ್ತವೆ. ಮುಂದಕ್ಕೆ ಒತ್ತಿದರೆ ಕಾಲ್ಪನಿಕ ಭೂದೃಶ್ಯದಲ್ಲಿ ಹರಡಿರುವ ೧೮ ದುಂಡುಮಂದಿರಗಳಲ್ಲಿ ತನಗೆ ಬೇಕಾದುದರ ಕಡೆಗೆ ಸಾಗಿ, ಅದರ ಗೋಡೆಯನ್ನು ಭೇದಿಸಿ ಒಳಹೊಕ್ಕು, ಹಂಪೆಯ ಒಂದು ನಿಜವಾದ ಸ್ಥಳದ ನಡುಮಧ್ಯದಲ್ಲಿ ನಿಲ್ಲುತ್ತಾನೆ. ಕನ್ನಡಕದ ಒಂದೊಂದು ಗಾಜೂ ಒಂದೊಂದು ಕಣ್ಣಿಗೆ ಸಲ್ಲಬೇಕಾದ ಚಿತ್ರವನ್ನು ಮಾತ್ರ ಒಳಬಿಡುವುದರಿಂದ ಬಂಡೆಗಳು ಮುಂದೆ ಬರುತ್ತವೆ, ಬೆಟ್ಟಗಳು ಹಿಂದೆ ಸರಿಯುತ್ತವೆ. ಸುತ್ತಲೂ ಅದೇ ಸ್ಥಳದಲ್ಲಿ ಧ್ವನಿಮುದ್ರಿಸಿಕೊಂಡ ಸದ್ದುಗಳು, ಎಲ್. ಸುಬ್ರಹ್ಮಣ್ಯಂ ಅವರ ಕರ್ನಾಟಕ ಸಂಗೀತ. ಕಲ್ಲುಗಳ ನಡುವೆ, ಬೆಂಗಳೂರಿನ ಪ್ಯಾಪ್ರಿಕಾಸ್ ಅನಿಮೇಷನ್ ಸಂಸ್ಥೆಯವರು ರಚಿಸಿದ ದೇವತಾಮೂರ್ತಿಗಳು ಕಾಣಿಸಿಕೊಳ್ಳುತ್ತವೆ.

ಈ ಕೊನೆಯ ಅಂಶವನ್ನು ಕುರಿತು ವಿದ್ವಾಂಸರಲ್ಲಿ ಕೆಲವರಿಗೆ ಆಕ್ಷೇಪಣೆಯಿರಬಹುದು. ಛಾಯಾಚಿತ್ರದ ಸತ್ಯದೊಡನೆ ಪುರಾಣದ ಕಲ್ಪನೆಯನ್ನು ಬೆರಸುವುದು ಇತಿಹಾಸಕ್ಕೆ ಅಪಚಾರವಲ್ಲವೇ ಎಂದು ಅವರು ಕೇಳಬಹುದು. ಆದರೆ ಹಂಪೆಗೆ ಬರುವವರಲ್ಲಿ ಬಹುಮಂದಿಗೆ ಅದು ವಿಜಯನಗರ ಸಾಮ್ರಾಜ್ಯದ ಪಾಳುಪಟ್ಟಣ ಮಾತ್ರವಲ್ಲ. ಪಂಪಾಪತಿಯ ಕ್ಷೇತ್ರ, ಕಿಷ್ಕಿಂಧೆ, ಅಂಜನಾದ್ರಿ, ಮತಂಗಪರ್ವತ. ಬಂಡೆಯ ಹಿಂದೆ ವಾನರನೊಬ್ಬನಿದ್ದಾನೆಂಬ ಭಾವನೆಯಿಲ್ಲದೆ ಅಲ್ಲಿ ನಡೆದ ಯಾತ್ರಿಕನು ಎಂದಾದರೂ ಇದ್ದಾನೆಯೇ? ಕೆರ್ ಪೋರ್ಟರನ ಮಂದಿರದಲ್ಲಿ ಪ್ರೇಕ್ಷಕನನ್ನು ಗೆದ್ದವನ ಪಕ್ಷದಲ್ಲಿ ನಿಲ್ಲಿಸಿದ್ದರು; ಇಲ್ಲಿ ಅವನನ್ನು ಯಾತ್ರಿಕನ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಇನ್ನೂರು ವರ್ಷಗಳಲ್ಲಿ ಈ ಕಲೆ ನಡೆದ ದೂರವನ್ನು ಈ ಸ್ಥಾನಪಲ್ಲಟದಿಂದಲೇ ಅಳೆಯಬೇಕೆಂದು ನಾನು ನಂಬುತ್ತೇನೆ. ಇನ್ನೊಂದು ಮಾತು: ಶ್ರೀರಂಗಪಟ್ಟಣದ ಚಿತ್ರ ಶ್ರೀರಂಗಪಟ್ಟಣಕ್ಕೆ ಎಂದೂ ಬರಲಿಲ್ಲ, ಹುಲಿಯೂ ಮರಳಿ ಬರಲಿಲ್ಲ. ‘ಪ್ಲೇಸ್-ಹಂಪಿ’ಯಾದರೋ ದೇಶಾಂತರಗಳನ್ನು ಸುತ್ತಿ ೨೦೧೨ರಲ್ಲಿ ಹಂಪೆಗೆ ಅನತಿದೂರದ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಯೂರಿತು. ಅಲ್ಲಿಯ ಉಕ್ಕಿನ ಕಾರ್ಖಾನೆಯ ನೌಕರರ ಮಕ್ಕಳು ತಮ್ಮ ಊರಿನ ಪಕ್ಕದ ಬೆಟ್ಟಗಳನ್ನು ದುಂಡುಪರದೆಯ ಮೇಲೆ ನೋಡಿ ಮರುದಿನ ಆ ಬೆಟ್ಟಗಳ ಮೇಲೆಯೇ ಹತ್ತಬಹುದಾದಂಥ ಸೌಲಭ್ಯ ಲೀಲ್ ನಗರದವರಿಗಾಗಲಿ ಬರ್ಲಿನ್ನಿನವರಿಗಾಗಲಿ ಇರಲಿಲ್ಲ.

ಇದರ ಜೊತೆಜೊತೆಯಲ್ಲಿಯೇ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ, ಬೆಂಗಳೂರಿನ ಸಂಸ್ಥೆಗಳೂ ದೇಶದ ಬೇರೆ ಬೇರೆ ತಾಂತ್ರಿಕ ವಿದ್ಯಾಲಯಗಳೂ ಕೂಡಿ ಹಂಪೆಯ ಶಿಲ್ಪ, ಚಿತ್ರ, ಕಥೆ, ಕಸುಬುಗಳನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಯವನ್ನು ಕೈಗೊಂಡುವು. ಅದರ ಫಲಿತಾಂಶಗಳು ೨೦೧೭ರಲ್ಲಿ ‘ಡ​ಿಜಿಟಲ್ ಹಂಪಿ’ ಎಂಬ ಗ್ರಂಥವಾಗಿ ಹೊರಬಂದಿವೆ. ಕಂಪ್ಯೂಟರಿನಲ್ಲಿ ಗುಡಿಯನ್ನು ಮತ್ತೆ ಕಟ್ಟುವುದು ಈಗ ಸುಲಭ. ಸುಲಭವಾದುದರಿಂದಲೇ ಅಪಾಯವೂ ಹೆಚ್ಚು. ಕಲ್ಲಿನ ರಥದ ಮೇಲೆ ಶಿಖರವನ್ನು ಮರಳಿ ಇರಿಸುವವನು, ಇದು ಗ್ರೀನ್‌ಲಾನ ಛಾಯಾಚಿತ್ರದಿಂದ ತಿಳಿದ ಭಾಗ, ಇದು ನನ್ನ ಊಹೆಯ ಭಾಗ ಎಂದು ನೋಡುವವನಿಗೆ ಗೊತ್ತಾಗುವಂತೆ ತೋರಿಸಬೇಕು. ೨೦೦೬ರಲ್ಲಿ ರೂಪುಗೊಂಡು ೨೦೦೯ರಲ್ಲಿ ಪರಿಷ್ಕೃತವಾದ ‘ಲಂಡನ್ ಚಾರ್ಟರ್’ ಎಂಬ ಅಂತರರಾಷ್ಟ್ರೀಯ ನಿಬಂಧನೆಗಳು ಕೇಳುವುದೂ ಇದನ್ನೇ. ಹಳೆಯ ಗ್ರಂಥಸಂಪಾದಕರು ಲುಪ್ತವಾದ ಅಕ್ಷರಗಳನ್ನು ಕಂಸದೊಳಗೆ ಹಾಕುತ್ತಿದ್ದ ಪ್ರಾಮಾಣಿಕತೆಯನ್ನು ಬೆಳಕಿನಲ್ಲಿ ಕಟ್ಟುವವರಿಂದಲೂ ನಾವು ಅಪೇಕ್ಷಿಸಬೇಕು.

ಕೈಯ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಇನ್ನೂ ತಕ್ಕ ಉತ್ತರ ದೊರೆತಿಲ್ಲ. ಯೂರೋಪಿನಲ್ಲಿ ೨೦೧೩ರಿಂದ ನಡೆದ ‘ಮೆಷ್’ ಎಂಬ ಸಂಶೋಧನ ಯೋಜನೆಯವರು ಇದಕ್ಕೊಂದು ದಾರಿಯನ್ನು ತೋರಿಸಿದ್ದಾರೆ. ಹೇಗ್ ನಗರದ ಮ್ಯೂಸಿಯನ್ ಎಂಬ ಸಂಗ್ರಹಾಲಯದಲ್ಲಿ ೨೦೧೫ರಲ್ಲಿ ಏರ್ಪಟ್ಟ, ಎರಡನೆಯ ಮಹಾಯುದ್ಧದ ಕಾಲದ ಕೋಟೆಸಾಲನ್ನು ಕುರಿತ ಪ್ರದರ್ಶನದಲ್ಲಿ, ಬಂದವರು ಬಾಗಿಲಲ್ಲಿಯೇ ಆ ಕಾಲದ ನಿತ್ಯಬಳಕೆಯ ವಸ್ತುವೊಂದರ ಪ್ರತಿಕೃತಿಯನ್ನು ಆರಿಸಿಕೊಳ್ಳುತ್ತಿದ್ದರು. ಅದರೊಳಗೆ ಪುಟ್ಟದೊಂದು ಚಿಪ್. ಅದನ್ನು ಕೊಂಡೊಯ್ದು ಪ್ರದರ್ಶನದ ಬೇರೆ ಬೇರೆ ನೆಲೆಗಳಲ್ಲಿ ಇಟ್ಟಾಗ, ಆರಿಸಿಕೊಂಡ ವಸ್ತು ಯಾರದೋ ಅವರ ಕಥೆ ಹೊರಡುತ್ತಿದ್ದಿತು: ಒಂದರಿಂದ ಜರ್ಮನ್ ಸೈನಿಕನ ಕಡೆಯದು, ಇನ್ನೊಂದರಿಂದ ಮನೆ ಕಳೆದುಕೊಂಡ ನಾಗರಿಕನ ಕಡೆಯದು, ಮತ್ತೊಂದರಿಂದ ಅಧಿಕಾರಿಯ ಕಡೆಯದು. ಮೂಲವಸ್ತು ಗಾಜಿನೊಳಗೆ ಸುರಕ್ಷಿತ, ಪ್ರತಿಕೃತಿ ಕೈಯಲ್ಲಿ, ಯಾರ ಪಕ್ಕದಲ್ಲಿ ನಿಲ್ಲಬೇಕೆಂಬ ಆಯ್ಕೆ ಬಂದವನದು. ಲೈಸಿಯಮ್ಮಿನ ಮಂದಿರಕ್ಕೂ ಲೆಡನ್‌ಹಾಲ್ ಬೀದಿಯ ಹುಲಿಗೂ ಇದ್ದ ಕೊರತೆಗಳೆರಡನ್ನೂ ಒಂದೇ ಉಪಾಯದಿಂದ ನೀಗಿಸಿದಂತಾಯಿತು.

ಹಂಪೆಯಲ್ಲಿ ಇಂಥ ಉಪಾಯಕ್ಕಾಗಿ ಕಾದಿರುವ ವಸ್ತುವೊಂದಿದೆ. ವಿಠ್ಠಲ ದೇವಾಲಯದ ಮಹಾಮಂಟಪದ ಕಂಬಗಳನ್ನು ಬೆರಳಿನಿಂದ ತಟ್ಟಿದರೆ ಸ್ವರ ಹೊರಡುತ್ತದೆಂಬುದು ಲೋಕಪ್ರಸಿದ್ಧ. ಕಂಬ ಟೊಳ್ಳೆಂದೂ, ಒಳಗೇನಿದೆಯೆಂದು ನೋಡಲು ಇಂಗ್ಲಿಷರು ಒಂದೆರಡನ್ನು ಕೊಯ್ದರೆಂದೂ ಊರಿನವರು ಕಥೆ ಹೇಳುತ್ತಾರೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಯಾವ ಹಾನಿಯೂ ಆಗದ ವಿಧಾನಗಳಿಂದ ಪರೀಕ್ಷಿಸಿ, ಅವು ಗಟ್ಟಿಯಾದ ಬೆಣಚುಕಲ್ಲೇ ಎಂದೂ, ತೆಳುವಾದ ಕಂಬ ಬಾಗಿ ಬಾಗಿ ಕಂಪಿಸುವುದರಿಂದಲೇ ಸ್ವರ ಹುಟ್ಟುತ್ತದೆಂದೂ ೨೦೦೮ರಲ್ಲಿ ಪ್ರಕಟಿಸಿದರು. ಬಂದವರೆಲ್ಲ ತಟ್ಟಿ ತಟ್ಟಿ ಕಂಬಗಳು ಸವೆಯತೊಡಗಿದ್ದರಿಂದ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅವನ್ನು ಮುಟ್ಟದಂತೆ ನಿರ್ಬಂಧಿಸಿರುವುದು ಸರಿಯಾಗಿಯೇ ಇದೆ. ಆದರೆ ಕಂಬದ ಅಳತೆ ಗೊತ್ತಿದೆ, ಸ್ವರ ಹುಟ್ಟುವ ಬಗೆ ಗೊತ್ತಿದೆ, ಅದೇ ಜಾತಿಯ ಕಲ್ಲು ಸುತ್ತಮುತ್ತಲೇ ಬಿದ್ದಿದೆ, ಅದನ್ನು ಕೆತ್ತಬಲ್ಲ ಶಿಲ್ಪಿಗಳು ಈ ನಾಡಿನಲ್ಲಿಯೇ ಇದ್ದಾರೆ. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಹಂಪೆಯ ಬೆಟ್ಟಗುಡ್ಡಗಳ ದೊಡ್ಡ ಮಾದರಿಯೊಂದನ್ನು ಇಟ್ಟು ಜನ ಅದರ ಸುತ್ತ ನಡೆಯುವಂತೆ ಮಾಡಿರುವರಷ್ಟೆ. ಅದರ ಪಕ್ಕದಲ್ಲಿಯೇ ಹೊಸದಾಗಿ ಕೆತ್ತಿಸಿದ ಒಂದು ಕಂಬಗುಚ್ಛವನ್ನು ನಿಲ್ಲಿಸಿ, ತಟ್ಟಿದ ಕೂಡಲೇ ಆ ಕಂಬದ ಕಂಪನ ಪರದೆಯ ಮೇಲೆ ಅಲೆಯಾಗಿ ಕಾಣುವಂತೆಯೂ, ಅದೇ ಸ್ಥಾನದ ಮೂಲಕಂಬದಿಂದ ಒಮ್ಮೆ ಎಚ್ಚರಿಕೆಯಿಂದ ಧ್ವನಿಮುದ್ರಿಸಿಕೊಂಡ ಸ್ವರ ಅದರ ಬೆನ್ನಿಗೇ ಕೇಳುವಂತೆಯೂ ಏರ್ಪಡಿಸುವುದು ಅಸಾಧ್ಯವಾದ ಕೆಲಸವಲ್ಲ. ಮಕ್ಕಳು ಅದನ್ನು ಮನದಣಿಯೆ ತಟ್ಟಲಿ. ಸವೆದರೆ ಇನ್ನೊಂದನ್ನು ಕೆತ್ತಿಸೋಣ. ಕೆತ್ತುವ ಕೈಗಳಿಗೂ ಅದರಿಂದ ಕೆಲಸ ಸಿಕ್ಕೀತು.